ಪಂಪಿನ ಹೊಸ ಬೋರ್ಡೂ ಕಂಟ್ರಾಕ್ಟರರ ಲೆಕ್ಕವೂ

ಮಕರ ಮಾಸ ಕಳೆದು ಕುಂಭ ಕಾಲಿಡುವ ಹೊತ್ತಿಗೆ ನಮ್ಮ ಮೀಂಜದ ಬೈಲುಗಳಲ್ಲಿ ಕಟ್ಟಗಳ ನೀರು ಇಳಿಯತೊಡಗುತ್ತದೆ, ಸುರಂಗಗಳ ಧಾರೆ ನೂಲಿನಂತಾಗುತ್ತದೆ. ಅಲ್ಲಿಂದ ಮುಂದೆ ಮಳೆ ಬೀಳುವ ತನಕ ಅಡಕೆ ತೋಟದ ಜೀವ ಪಂಪಿನ ಕೈಯಲ್ಲಿರುತ್ತದೆ. ಇದೇ ಕಾಲದಲ್ಲಿ ಮಿಯಪದವಿನ ಪೇಟೆಯಲ್ಲಾಗಲಿ ಹೊಸಂಗಡಿಗೆ ಹೋಗುವ ಬಸ್ಸಿನಲ್ಲಾಗಲಿ ಒಂದು ವಿಧದ ಮಾತು ಕಿವಿಗೆ ಬೀಳುತ್ತಿರುತ್ತದೆ. “ಕರೆಂಟಿನ ಆಫೀಸಿನವರು ಬೋರ್ಡು ಬದಲಿಸಲು ಹೇಳಿದರು, ಕಂಟ್ರಾಕ್ಟರ್ ಬಂದು ಬದಲಿಸಿದ, ಈಗ ಹೇಳಿದ್ದಕ್ಕಿಂತ ಹದಿನೈದು ಸಾವಿರ ಹೆಚ್ಚು ಕೇಳುತ್ತಾನೆ” ಎಂದು ಕೃಷಿಕರು ದೂರುತ್ತಾರೆ. “ಕೆಲಸ ಮುಗಿಸಿ ಎರಡು ತಿಂಗಳಾಯಿತು, ಯಜಮಾನರು ಬಾಕಿ ಕೊಡುವುದಿಲ್ಲ” ಎಂದು ಕಂಟ್ರಾಕ್ಟರರು ದೂರುತ್ತಾರೆ. ಎರಡು ಮಾತುಗಳೂ ಒಂದೇ ತೋಟದ ಸಂಗತಿಯಾಗಿರುವುದೂ ಉಂಟು. ಮೂರು ವರ್ಷಗಳ ಹಿಂದೆ ನಾನೇ ಇಂತಹ ಒಂದು ಜಗಳದಲ್ಲಿ ಸಿಕ್ಕಿ, ಬಹಳ ಮಟ್ಟಿಗೆ ನನ್ನದೇ ತಪ್ಪಿನಿಂದ, ಹತ್ತೊಂಬತ್ತು ದಿನ ತೋಟಕ್ಕೆ ಸರಿಯಾಗಿ ನೀರು ಬಿಡಲಾರದೆ ಹೋದೆನು. ಆ ಅನುಭವವನ್ನು ಕೃಷಿಕ ಬಾಂಧವರ ಮುಂದಿಡಬೇಕೆಂದು ಈ ಲೇಖನ.

ಮೊದಲು, ಹೀಗೆ ಬೋರ್ಡು ಬದಲಿಸಬೇಕಾದ ಪ್ರಮೇಯ ಏಕೆ ಬರುತ್ತದೆ ಎಂಬುದನ್ನು ನೋಡೋಣ. ನಮ್ಮ ಸೀಮೆ 1956ರಲ್ಲಿ ಕೇರಳಕ್ಕೆ ಸೇರಿತು. ಮರುವರ್ಷ, 1957ರಲ್ಲಿ, ಕೇರಳ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಮಂಡಳಿ ಈಗ ಕಂಪೆನಿಯ ರೂಪದಲ್ಲಿದ್ದರೂ ಜನರ ಬಾಯಲ್ಲಿ ಇಂದಿಗೂ ಅದು ‘ಬೋರ್ಡಿನವರು’. (ಗೋಡೆಯ ಮೇಲಿನ ಬೋರ್ಡಿಗೂ ಕಚೇರಿಯ ಬೋರ್ಡಿಗೂ ಗೊಂದಲವಾಗದಂತೆ ನಾನು ಇಲ್ಲಿ ಕಚೇರಿಯನ್ನು ಮಂಡಳಿ ಎಂದೇ ಕರೆಯುತ್ತೇನೆ.) ಹಿಂದೆ ಪಂಪಿಗೆ ಸಂಪರ್ಕ ಪಡೆದವರಲ್ಲಿ ಅನೇಕರದು ಸಿಂಗಲ್ ಫೇಸ್, ಮರದ ಹಲಗೆಯ ಮೇಲೆ ಒಂದು ಮೀಟರು, ಎರಡು ಪಿಂಗಾಣಿಯ ಫ್ಯೂಸು, ಒಂದು ಕಬ್ಬಿಣದ ಮೈನ್ ಸ್ವಿಚ್ಚು. ಅಂದಿನ ಎರಡು ಮೂರು ಎಚ್.ಪಿ. ಪಂಪಿಗೆ ಅಷ್ಟು ಸಾಕಾಗುತ್ತಿತ್ತು. ಆದರೆ ಈಗ ಬೈಲಿನ ತೋಟ ಸಾಲದೆ ಗುಡ್ಡ ಕಡಿದು ಅಡಕೆ ಇಟ್ಟಿದ್ದೇವೆ. ಗುಡ್ಡಕ್ಕೆ ನೀರೇರಿಸಿ ಸ್ಪ್ರಿಂಕ್ಲರ್ ತಿರುಗಿಸಬೇಕಾದರೆ ದೊಡ್ಡ ಪಂಪೇ ಆಗಬೇಕು. ಒಂದು ಎಚ್.ಪಿ. ಎಂದರೆ 746 ವಾಟ್, ಏಳೂವರೆ ಎಚ್.ಪಿ. ಎಂದರೆ 5,595 ವಾಟ್. ಕೇರಳ ವಿದ್ಯುತ್ ಸರಬರಾಜು ಸಂಹಿತೆ, 2014ರ ಪ್ರಕಾರ ಸಿಂಗಲ್ ಫೇಸಿನಲ್ಲಿ ಕೊಡುವುದು 5,000 ವಾಟಿನ ವರೆಗೆ. ಅದನ್ನು ದಾಟಿದರೆ ತ್ರೀ ಫೇಸ್. ಹಾಗಾಗಿ ದೊಡ್ಡ ಪಂಪಿಗೆ ಅರ್ಜಿ ಕೊಟ್ಟೊಡನೆ ಮಂಡಳಿಯವರು ಬಂದು ನೋಡಿ, ಈ ಮರದ ಹಲಗೆ ಸಾಲದು, ಮಳೆ ತಾಗದ ಪೆಟ್ಟಿಗೆ ಬೇಕು, ಐಸೊಲೇಟರ್ ಬೇಕು, ಎಂ.ಸಿ.ಬಿ. ಬೇಕು, ಇ.ಎಲ್.ಸಿ.ಬಿ. ಬೇಕು, ಅರ್ತು ಸರಿಯಿರಬೇಕು ಎಂದು ಹೇಳುತ್ತಾರೆ. ಹೇಳುವುದು ನ್ಯಾಯವೇ. ಆದರೆ ಮೀಟರಿನ ವರೆಗೆ ಅವರದು, ಮೀಟರು ದಾಟಿದ ಮೇಲೆ ನಮ್ಮದು. ಆ ಕೆಲಸಕ್ಕೆ ಎಷ್ಟು ಹಣ ಬೀಳುತ್ತದೆ ಎಂಬುದನ್ನು ಮಂಡಳಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಜಗಳದ ಬೀಜ ಬೀಳುವುದು ಇಲ್ಲಿಯೇ.

ನನಗೆ ಬೈಲಿನಲ್ಲಿಯೂ ಗುಡ್ಡದ ಬರೆಯಲ್ಲಿಯೂ ಸೇರಿ ಆರುನೂರರಷ್ಟು ಅಡಕೆ ಮರಗಳಿವೆ. ಮೂರು ಎಚ್.ಪಿ.ಯ ಹಳೆಯ ಪಂಪನ್ನು ಬಿಟ್ಟು ಏಳೂವರೆಯದನ್ನು ಇಡುವುದೆಂದು ನಿಶ್ಚಯಿಸಿ, ಪರಿಚಯದ ಒಬ್ಬ ಕಂಟ್ರಾಕ್ಟರರನ್ನು ಕರೆದೆನು. ಅವರು ಬಂದು ಕಂಬದ ಬಳಿಯಿಂದ ಪಂಪುಶೆಡ್ಡಿನ ತನಕ ಹೆಜ್ಜೆ ಹಾಕಿ ಅಳೆದು, “42 ಮೀಟರ್ ಕೇಬಲ್, ಬೋರ್ಡು, ಎರಡು ಅರ್ತು, ಕೂಲಿ, ಎಲ್ಲ ಸೇರಿ ಮೂವತ್ತೆಂಟು ಸಾವಿರ ಆಗಬಹುದು ಮಾಷ್ಟ್ರೇ” ಎಂದರು. ‘ಆಗಬಹುದು’ ಎಂದು ಅವರು ಹೇಳಿದ್ದು. ‘ಆಗುತ್ತದೆ’ ಎಂದು ನಾನು ಕೇಳಿಸಿಕೊಂಡದ್ದು. ಮಕ್ಕಳಿಗೆ ಕ್ರಿಯಾಪದದ ರೂಪಗಳನ್ನು ಕಲಿಸುವ ನನಗೇ ಹೀಗಾಯಿತು! ಚಾವಡಿಯಲ್ಲಿ ಕುಳಿತು ಚಾ ಕುಡಿದು, ಮುಂಗಡವೆಂದು ಇಪ್ಪತ್ತು ಸಾವಿರ ಎಣಿಸಿ ಕೊಟ್ಟೆನು. ಕಾಗದ ಪತ್ರ ಯಾವುದೂ ಆಗಲಿಲ್ಲ. ಪರಿಚಯಸ್ಥರೊಡನೆ ಕಾಗದ ಮಾಡುವುದು ಮರ್ಯಾದೆಯಲ್ಲವೆಂಬ ಭಾವನೆ ನಮ್ಮ ಊರಿನಲ್ಲಿ ಬಲವಾಗಿದೆ.

ಕೆಲಸ ಮುಗಿದ ದಿನ ಬಂದ ಚೀಟಿಯಲ್ಲಿ 53,840 ರೂಪಾಯಿಗಳಿದ್ದವು. ಮೊದಲು ಹೇಳಿದ 38,000ದ ಮೇಲೆ ನಾಲ್ಕು ಬಾಬತ್ತುಗಳು: ಕೇಬಲ್ 42 ಮೀಟರಿನ ಬದಲು 68 ಮೀಟರ್ ಆಯಿತೆಂದು, ಹೆಚ್ಚಿನ 26 ಮೀಟರಿಗೆ 190ರಂತೆ 4,940, ಎರಡನೆಯ ಅರ್ತಿನ ಗುಂಡಿಗೆ ಪೈಪು, ಇದ್ದಿಲು, ಉಪ್ಪು ಮತ್ತು ಕಲ್ಲು ಕಡಿದ ಕೂಲಿ ಎಂದು 4,500, ಮಂಡಳಿಯವರು ಬಂದು ನೋಡಿದ ಮೇಲೆ ಪೆಟ್ಟಿಗೆಯನ್ನು ಮಳೆ ತಾಗದ ಜಾತಿಯದಕ್ಕೆ ಬದಲಿಸಿದ್ದಕ್ಕೆ 2,800, ‘ದೋಷ ಹುಡುಕಿದ್ದು ಮತ್ತು ವಯರಿಂಗ್’ ಎಂದು 3,600. ಕೊನೆಯ ಬಾಬತ್ತನ್ನು ಕಂಡು ನನ್ನ ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಬೋರ್ಡು ಇಟ್ಟ ದಿನದಿಂದ ಹೊಸ ಇ.ಎಲ್.ಸಿ.ಬಿ. ನಿಲ್ಲುತ್ತಲೇ ಇರಲಿಲ್ಲ. ತ್ರೀ ಫೇಸ್ ಬರುವ ತನಕ ಹಳೆಯ ಸಿಂಗಲ್ ಫೇಸನ್ನೇ ಹೊಸ ಬೋರ್ಡಿಗೆ ಕೊಟ್ಟು ದೀಪ ಉರಿಸುವುದೆಂದು ಆಗಿತ್ತು. ದೀಪ ಹಾಕಿದೊಡನೆ ‘ಟಕ್’ ಎಂದು ಅದು ಕೆಳಗೆ ಬೀಳುತ್ತಿತ್ತು. ಹಾಳಾದ ಮಾಲನ್ನು ಇಟ್ಟದ್ದೂ ಅಲ್ಲದೆ ಅದರ ದೋಷ ಹುಡುಕಿದ್ದಕ್ಕೂ ನನ್ನಿಂದಲೇ ಹಣವೇ ಎಂದು ನಾನು ಕೇಳಿದೆನು. ಮಾಲು ಹೊಸತು, ದೋಷ ನಿಮ್ಮ ಹಳೆಯ ವಯರಿಂಗಿನಲ್ಲಿದೆ ಎಂದು ಅವರು ಹೇಳಿದರು. ಮೊದಲಿನ ಮಾತಿನಂತೆ ಉಳಿದ ಹದಿನೆಂಟು ಸಾವಿರವನ್ನಷ್ಟೇ ಕೊಡುತ್ತೇನೆ, ಅದೂ ಇದು ಸರಿಯಾದ ಮೇಲೆ, ಎಂದೆನು. “ಹಾಗಾದರೆ ಕಂಪ್ಲೀಷನ್ ರಿಪೋರ್ಟಿಗೆ ನನ್ನ ಸಹಿಯೂ ಹಣ ಬಂದ ಮೇಲೆಯೇ” ಎಂದು ಅವರು ಬೈಕು ಹತ್ತಿ ಹೋದರು.

ಓದುಗರು ಪರಿಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಹಳೆಯ ಪಂಪನ್ನು ಅಂಗಡಿಯವರು ಹೊಸದರ ಬೆಲೆಯಲ್ಲಿ ಮುರಿದುಕೊಂಡು ಒಯ್ದಾಗಿತ್ತು. ಹೊಸ ಪಂಪು ತ್ರೀ ಫೇಸಿನದು. ಮಂಡಳಿಯವರು ತ್ರೀ ಫೇಸ್ ಕೊಡಬೇಕಾದರೆ ಪರವಾನಗಿ ಉಳ್ಳ ಕಂಟ್ರಾಕ್ಟರರು ಕೆಲಸ ನಿಯಮದಂತೆ ಮುಗಿದಿದೆ, ಪರೀಕ್ಷೆಯಾಗಿದೆ ಎಂದು ಸಹಿ ಮಾಡಿದ ರಿಪೋರ್ಟು ಬೇಕು. ಸಹಿ ಅವರ ಕಿಸೆಯಲ್ಲಿ, ಹಣ ನನ್ನ ಕಿಸೆಯಲ್ಲಿ, ನಡುವೆ ಆರುನೂರು ಮರಗಳು. ಕುಂಭದ ಬಿಸಿಲು. ನೆರೆಯವರು ದೊಡ್ಡ ಮನಸ್ಸು ಮಾಡಿ ರಾತ್ರಿ ಎರಡು ಗಂಟೆ ತಮ್ಮ ಪೈಪನ್ನು ನನ್ನ ತೋಟಕ್ಕೆ ತಿರುಗಿಸಿ ಕೊಡುತ್ತಿದ್ದರು. ಅದು ಬೈಲಿಗೆ ಅರ್ಧ ಸಾಕಾಗುತ್ತಿತ್ತು, ಗುಡ್ಡಕ್ಕೆ ಏರುತ್ತಲೇ ಇರಲಿಲ್ಲ. ಹತ್ತು ದಿನದಲ್ಲಿ ಗುಡ್ಡದ ಸಸಿಗಳ ಸೋಗೆ ಜೋಲಿತು. ಹನ್ನೆರಡನೆಯ ದಿನದಿಂದ ಬೈಲಿನ ಮರಗಳ ಬುಡದಲ್ಲಿಯೂ ನಳ್ಳಿ ಉದುರಿ ಬಿದ್ದಿರುವುದು ಕಾಣತೊಡಗಿತು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಆ ದಾರಿಯಲ್ಲಿ ಹೋಗದೆ ಸುತ್ತು ಬಳಸಿ ಹೋಗುತ್ತಿದ್ದೆನು.

ಕೊನೆಗೆ ನನ್ನ ಹೆಂಡತಿ, ಮಂಡಳಿಯಿಂದ ನಿವೃತ್ತರಾದ ಹಿರಿಯ ಲೈನ್‌ಮ್ಯಾನ್ ಒಬ್ಬರು ನಮ್ಮ ಬೈಲಿನಾಚೆ ಇರುವುದನ್ನು ನೆನಪಿಸಿದಳು. ಅವರು ಒಂದು ಷರತ್ತಿನ ಮೇಲೆ ಬರಲೊಪ್ಪಿದರು: ಕಂಟ್ರಾಕ್ಟರರೂ ಬರಬೇಕು, ಅಳತೆಯ ಟೇಪೂ ಮೆಗ್ಗರೂ ತರಬೇಕು, ಪರೀಕ್ಷೆ ಮುಗಿಯುವ ತನಕ ಇಬ್ಬರೂ ಹಣದ ಮಾತೆತ್ತಬಾರದು. ಹಾಗೆ ಒಂದು ಆದಿತ್ಯವಾರ ಮೂವರೂ ಪಂಪುಶೆಡ್ಡಿನಲ್ಲಿ ಸೇರಿದೆವು. ಲೈನ್‌ಮ್ಯಾನ್ ಅಣ್ಣ ಒಂದೊಂದೇ ಸರ್ಕೀಟನ್ನು ಬಿಡಿಸಿ ಇ.ಎಲ್.ಸಿ.ಬಿ.ಯನ್ನು ಎತ್ತಿ ನೋಡಿದರು. ಎಲ್ಲವನ್ನೂ ಬಿಡಿಸಿದಾಗ ಅದು ಗಟ್ಟಿಯಾಗಿ ನಿಂತಿತು. ಪರೀಕ್ಷೆಯ ಗುಂಡಿ ಒತ್ತಿದಾಗ ನಿಯಮದಂತೆ ಬಿತ್ತು. ಆದ್ದರಿಂದ ಮಾಲಿನಲ್ಲಿ ದೋಷವಿಲ್ಲ. ಶೆಡ್ಡಿನಿಂದ ತೋಟದ ದಾರಿಗೆ ಹೋಗುವ ಬಲ್ಬಿನ ಸರ್ಕೀಟನ್ನು ಸೇರಿಸಿ ಸ್ವಿಚ್ಚು ಹಾಕಿದೊಡನೆ ಮತ್ತೆ ಬಿತ್ತು. “ಈ ಬಲ್ಬನ್ನು ಯಾರು ಹಾಕಿದ್ದು ಮಾಷ್ಟ್ರೇ?” ಎಂದು ಅವರು ಕೇಳಿದರು.

ಹಾಕಿದ್ದು ನಾನು. ಏಳೆಂಟು ವರ್ಷಗಳ ಹಿಂದೆ ಅದರ ನ್ಯೂಟ್ರಲ್ ತಂತಿಯನ್ನು ಇಲಿ ಕಡಿದಾಗ, ಹೊಸ ತಂತಿ ಎಳೆಯುವ ಉದಾಸೀನದಿಂದ, ಪಕ್ಕದಲ್ಲಿದ್ದ ಅರ್ತಿನ ತಂತಿಗೆ ಬಲ್ಬಿನ ಕೊನೆಯನ್ನು ಸಿಕ್ಕಿಸಿದ್ದೆನು. ದೀಪ ಉರಿಯಿತು, ಉರಿದ ಮೇಲೆ ಮರೆತೆನು. ದೋಷ ಹಳೆಯ ವಯರಿಂಗಿನಲ್ಲಿದೆ ಎಂದು ಕಂಟ್ರಾಕ್ಟರರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವರ ಇಬ್ಬರು ಹುಡುಗರು ಒಂದೂವರೆ ದಿನ ಶೆಡ್ಡಿನ ಒಳಗಿನ ತಂತಿಗಳನ್ನೆಲ್ಲ ಬಿಚ್ಚಿ ಬದಲಿಸಿದ್ದರು. ಹೊರಗಿನ ಬಲ್ಬಿನ ತನಕ ಹೋಗುವಷ್ಟರಲ್ಲಿ ನಮ್ಮ ಜಗಳ ಆರಂಭವಾಗಿತ್ತು.

ಇಲ್ಲಿ ಇ.ಎಲ್.ಸಿ.ಬಿ.ಯ ಕೆಲಸವನ್ನು ಸ್ವಲ್ಪ ವಿವರಿಸಬೇಕು. (ಇಂದು ಅಂಗಡಿಯಲ್ಲಿ ಕೊಡುವುದು ಆರ್.ಸಿ.ಸಿ.ಬಿ. ಎಂಬ ಜಾತಿ, ಹಳೆಯ ಹೆಸರೇ ಜನರ ಬಾಯಲ್ಲಿ ಉಳಿದಿದೆ.) ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುವಾಗ ಬಸ್ಸಿನಿಂದ ಇಳಿದವರು ನಲವತ್ತು, ಹತ್ತಿದವರೂ ನಲವತ್ತೇ ಎಂದು ಎಣಿಸುತ್ತೇವಲ್ಲವೆ? ಅದು ಮಾಡುವುದೂ ಅಷ್ಟೇ. ಹೊರಗೆ ಹೋದ ಕರೆಂಟೆಲ್ಲ ಹಿಂತಿರುಗಿ ಬಂತೇ ಎಂದು ಕ್ಷಣಕ್ಷಣವೂ ಎಣಿಸುತ್ತದೆ. 30 ಮಿಲಿ ಆಂಪಿಯರ್ ಕಡಿಮೆಯಾದರೂ, ಯಾವುದೋ ಬೇರೆ ದಾರಿಯಲ್ಲಿ, ಪ್ರಾಯಶಃ ಮನುಷ್ಯನ ಮೈಯ ಮೂಲಕ, ಭೂಮಿಗೆ ಹೋಗುತ್ತಿದೆ ಎಂದು ತಿಳಿದು ಕಡಿದು ಹಾಕುತ್ತದೆ. ಏಳೂವರೆ ಎಚ್.ಪಿ. ಪಂಪು ಎಳೆಯುವ ಕರೆಂಟು ಸುಮಾರು 11 ಆಂಪಿಯರ್. ಅದರ ಮುನ್ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಈ 30 ಮಿಲಿ ಆಂಪಿಯರ್. ಫ್ಯೂಸಾಗಲಿ ಎಂ.ಸಿ.ಬಿ.ಯಾಗಲಿ ಇಷ್ಟು ಸಣ್ಣದನ್ನು ಕಾಣಲಾರವು. ಅವು ಕಾಯುವುದು ತಂತಿಯನ್ನು, ಇದು ಕಾಯುವುದು ಮನುಷ್ಯನನ್ನು. ನನ್ನ ಬಲ್ಬು 60 ವಾಟಿನದು. 240 ವೋಲ್ಟಿನಲ್ಲಿ ಅದು ಎಳೆಯುವುದು ಕಾಲು ಆಂಪಿಯರ್, ಎಂದರೆ 250 ಮಿಲಿ ಆಂಪಿಯರ್. ಅಷ್ಟೂ ನ್ಯೂಟ್ರಲಿನಲ್ಲಿ ಹಿಂತಿರುಗದೆ ಅರ್ತಿನಲ್ಲಿ ಹೋಗುತ್ತಿರುವಾಗ ಅದು ಬೀಳದಿದ್ದರೆ ಆಶ್ಚರ್ಯ. ಲೈನ್‌ಮ್ಯಾನ್ ಅಣ್ಣ ಇನ್ನೂ ಒಂದು ಮಾತು ಹೇಳಿದರು, ಅದನ್ನು ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಹಳೆಯ ಅರ್ತಿನ ತಂತಿ ಗುಂಡಿಯ ಬಳಿ ತುಕ್ಕು ಹಿಡಿದು ಕಡಿದಿದ್ದರೆ, ಬಲ್ಬು ಹಾಕಿದಾಗಲೆಲ್ಲ ಪಂಪಿನ ಮೈಗೆ ಕರೆಂಟು ಬರುತ್ತಿತ್ತು. ಪಂಪು ಮುಟ್ಟುವವರು ನಾನು, ನನ್ನ ಹೆಂಡತಿ, ರಜೆಯಲ್ಲಿ ಮಗ. ಏಳೆಂಟು ವರ್ಷ ಹಾಗೆ ಕಳೆದಿದ್ದೆವು. ನಾನು ಹಾಳು ಮಾಲೆಂದು ಬೈದದ್ದು ಇದನ್ನು ಹಿಡಿದುಕೊಟ್ಟ ಉಪಕರಣವನ್ನು.

ಹಳೆಯ ಸಂಪರ್ಕಗಳಿಗೆ ಹೊಸ ಬೋರ್ಡು ಇಡುವ ಕಡೆಗಳಲ್ಲೆಲ್ಲ ಈ ತೊಂದರೆ ಬರುವ ಸಂಭವ ಬಹಳ. ಎರಡು ಸರ್ಕೀಟಿನ ನ್ಯೂಟ್ರಲನ್ನು ಒಂದು ಮಾಡಿರುವುದು, ಮಳೆಗಾಲದಲ್ಲಿ ಒದ್ದೆಯಾದ ಮೋಟಾರಿನ ಸುರುಳಿ, ಇರುವೆ ಗೂಡು ಕಟ್ಟಿದ ಸ್ವಿಚ್ಚು, ಸಿಪ್ಪೆ ಸುಲಿದ ತಂತಿ, ಇವೆಲ್ಲ ಫ್ಯೂಸಿನ ಕಾಲದಲ್ಲಿ ಸದ್ದಿಲ್ಲದೆ ಇದ್ದವು. ಹೊಸ ಬೋರ್ಡು ಬಂದ ದಿನ ಎಲ್ಲವೂ ಒಮ್ಮೆಲೇ ಮಾತಾಡುತ್ತವೆ. ಯಜಮಾನನಿಗೆ ಕಾಣುವುದು “ನಿನ್ನೆಯ ತನಕ ಸರಿಯಿತ್ತು, ಇವನು ಬಂದ ಮೇಲೆ ಹಾಳಾಯಿತು” ಎಂದು. ದೋಷ ಹುಡುಕುವುದು ಗಂಟೆಗಟ್ಟಲೆಯ ಕೆಲಸ, ಕೈಗೆ ಸಿಗುವ ವಸ್ತು ಅದರಲ್ಲಿ ಏನೂ ಇಲ್ಲ, ಆದ್ದರಿಂದ ಅದಕ್ಕೆ ಹಣ ಕೊಡಲು ಮನಸ್ಸು ಬರುವುದಿಲ್ಲ. ಹೊಸ ಬೋರ್ಡಿನ ಕ್ರಯ ಮಾತಾಡುವಾಗಲೇ, ಹಳೆಯ ವಯರಿಂಗಿನ ದೋಷ ಹುಡುಕಬೇಕಾದರೆ ದಿನಕ್ಕೆ ಇಷ್ಟು ಎಂದು ಬೇರೆಯಾಗಿ ಗೊತ್ತು ಮಾಡಿಕೊಳ್ಳುವುದು ಲೇಸು. ಕೆಲಸ ಆರಂಭಿಸುವ ಮೊದಲೇ ಹಳೆಯ ವಯರಿಂಗನ್ನು ಮೆಗ್ಗರಿನಿಂದ ಪರೀಕ್ಷಿಸಿ ಅಂಕಿಯನ್ನು ಬರೆದಿಟ್ಟರೆ ಇನ್ನೂ ಲೇಸು. ಆಗ ಯಾರ ದೋಷ ಯಾರದೆಂಬ ಪ್ರಶ್ನೆ ಏಳುವುದಿಲ್ಲ.

ಅರ್ತಿನ ವಿಷಯ ನಮ್ಮ ಊರಿಗೆ ವಿಶೇಷವಾದುದು. ಸಿಂಗಲ್ ಫೇಸಿನಿಂದ ತ್ರೀ ಫೇಸಿಗೆ, ಎಂದರೆ 240 ವೋಲ್ಟಿನಿಂದ 415 ವೋಲ್ಟಿಗೆ ಹೋದಾಗ, ಮೋಟಾರಿನ ಮೈಗೆ ಒಂದು ಅರ್ತು ಸಾಲದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬೇಕು. ಇದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೇ ಇದ್ದ ಮಾತು. ಎರಡೂವರೆ ಮೀಟರ್ ಉದ್ದದ ಪೈಪನ್ನು ನೆಟ್ಟಗೆ ಇಳಿಸುವುದು ಗದ್ದೆಯ ಮಣ್ಣಿನಲ್ಲಿ ಸುಲಭ. ಗುಡ್ಡದ ಬರೆಯಲ್ಲಾದರೆ ಎರಡಡಿಗೆ ಮುರಕಲ್ಲು ಸಿಗುತ್ತದೆ, ಪಿಕ್ಕಾಸಿನಲ್ಲಿ ಕಡಿಯುತ್ತಾ ಇಳಿಯಬೇಕು. ಕಡಿದ ಮೇಲೆಯೂ ಬೇಸಗೆಯಲ್ಲಿ ಆ ಕಲ್ಲು ಒಣಗಿ ಕರೆಂಟನ್ನು ಭೂಮಿಗೆ ಬಿಡುವುದಿಲ್ಲ. ಆಟಿಯ ಮಳೆಯಲ್ಲಿ ಪರೀಕ್ಷೆಗೆ ಒದಗಿದ ಅರ್ತು ಮೀನ ಮಾಸದಲ್ಲಿ ಒದಗದೆ ಹೋಗಬಹುದು. ಪಂಪುಶೆಡ್ಡು ಎಲ್ಲೇ ಇರಲಿ, ತಂತಿ ಸ್ವಲ್ಪ ಉದ್ದವಾದರೂ ಚಿಂತೆಯಿಲ್ಲ, ಗುಂಡಿಯನ್ನು ತೇವ ಇರುವ ಕಣಿಯ ಬದಿಯಲ್ಲಿ ತೋಡಿಸುವುದು ಮೇಲು. ನನ್ನ ಒಂದು ಗುಂಡಿ ಕಲ್ಲಿನಲ್ಲಿಯೇ ಆಯಿತು. ತಿಂಗಳಿಗೆ ಒಮ್ಮೆ ಎರಡು ಕೊಡ ನೀರು ಹೊಯ್ಯುತ್ತೇನೆ.

ಇನ್ನು ಲೆಕ್ಕ ಹೇಗೆ ಚುಕ್ತಾ ಆಯಿತೆಂದು ಹೇಳುತ್ತೇನೆ. ಟೇಪು ಹಿಡಿದು ಅಳೆದಾಗ ಕೇಬಲ್ 68 ಅಲ್ಲ, 63 ಮೀಟರ್. ಕಣಿಯನ್ನು ಸುತ್ತಿ ಬರಬೇಕಾದದ್ದರಿಂದ 42 ಸಾಲದೆಂಬುದು ಸತ್ಯ. ಆದರೆ ತುಂಡಾಗಿ ಉಳಿದ ಐದು ಮೀಟರನ್ನೂ ನನ್ನ ಲೆಕ್ಕಕ್ಕೆ ಬರೆದಿದ್ದರು. 950 ರೂಪಾಯಿ ಕಡಿತವಾಯಿತು. ಎರಡನೆಯ ಅರ್ತು ನಿಯಮದಲ್ಲಿಯೇ ಇರುವುದು, ಮೊದಲ ಮಾತಿನಲ್ಲಿಯೂ ‘ಎರಡು ಅರ್ತು’ ಎಂದೇ ಇತ್ತು. ಹಾಗಾಗಿ ಅದರ ಪೈಪು ಇದ್ದಿಲುಗಳ 1,700 ಮೊದಲ ಕ್ರಯದೊಳಗೆ ಸೇರಬೇಕೆಂದು ಲೈನ್‌ಮ್ಯಾನ್ ಅಣ್ಣ ತೀರ್ಮಾನಿಸಿದರು. ಕಲ್ಲು ಕಡಿದ 2,800 ನ್ಯಾಯವೇ. ನೆಲದ ಕೆಳಗೆ ಏನಿದೆ ಎಂದು ಯಾರೂ ಕಂಡಿರಲಿಲ್ಲ. ಪೆಟ್ಟಿಗೆಯ 2,800 ಕೊಡತಕ್ಕದ್ದು, ಏಕೆಂದರೆ ಅದನ್ನು ಬದಲಿಸಲು ಹೇಳಿದ್ದು ಮಂಡಳಿಯವರು, ಕ್ರಯ ಮಾತಾಡಿದ ಮೇಲೆ. ದೋಷ ಹುಡುಕಿದ 3,600ರ ಬಗ್ಗೆ ನಾನು ಬಾಯಿ ತೆರೆಯಲಿಲ್ಲ. ಒಟ್ಟು 51,190, ನೂರತೊಂಬತ್ತನ್ನು ಅವರು ಬಿಟ್ಟರು. ಮುಂಗಡ ಕಳೆದು 31,000 ಎಣಿಸಿಕೊಟ್ಟೆನು; ಬಲ್ಬಿಗೆ ಹೊಸ ನ್ಯೂಟ್ರಲ್ ಎಳೆದು ಅವರು ಸಹಿ ಮಾಡಿದರು. ಅವರು ಕೇಳಿದ್ದಕ್ಕೂ ನಾನು ಕೊಟ್ಟದ್ದಕ್ಕೂ ಅಂತರ 2,840 ರೂಪಾಯಿ. ಉದುರಿದ ನಳ್ಳಿಯ ಲೆಕ್ಕವನ್ನು ನಾನು ಮಾಡಲಿಲ್ಲ.

ಕಂಟ್ರಾಕ್ಟರರ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಸುತ್ತಿನ ಸಣ್ಣ ಕಂಟ್ರಾಕ್ಟರರು ಬಂಡವಾಳಗಾರರಲ್ಲ. ಕೇಬಲ್, ಪೆಟ್ಟಿಗೆ, ಸ್ವಿಚ್ಚುಗಳನ್ನು ಅಂಗಡಿಯಿಂದ ಸಾಲದಲ್ಲಿ ತರುತ್ತಾರೆ. ಹುಡುಗರಿಗೆ ಸಂಜೆಯೇ ಕೂಲಿ ಕೊಡಬೇಕು. ನಾವಾದರೋ “ಅಡಕೆ ಮಾರಿದ ಮೇಲೆ” ಎನ್ನುತ್ತೇವೆ. ಧಾರಣೆ ಏರಲೆಂದು ಅಡಕೆಯನ್ನು ಅಟ್ಟದಲ್ಲಿಯೇ ಇಟ್ಟಿರುತ್ತೇವೆ. ಅವರ ಹಣ ನಮ್ಮ ಅಟ್ಟದಲ್ಲಿ ಇದ್ದಂತಾಯಿತು. ಬಾಕಿ ವಸೂಲಿಗೆ ಅವರ ಕೈಯಲ್ಲಿರುವ ಒಂದೇ ಹಿಡಿ ಆ ಸಹಿ. ಹಾಗಿದ್ದರೂ ಸಹಿಯನ್ನು ತಡೆದಿಡುವ ಪದ್ಧತಿಯನ್ನು ನಾನು ಒಪ್ಪಲಾರೆ. ಕಂಪ್ಲೀಷನ್ ರಿಪೋರ್ಟು ಹಣ ಸಂದಾಯದ ರಶೀದಿಯಲ್ಲ. ಈ ಸಂಪರ್ಕ ಮನುಷ್ಯರಿಗೆ ಅಪಾಯವಿಲ್ಲದ್ದು ಎಂಬ ಪ್ರಮಾಣ. ಕೆಲಸ ಸರಿಯಾಗಿದ್ದರೆ ಸಹಿ ಮಾಡಬೇಕು, ಸರಿಯಿಲ್ಲದಿದ್ದರೆ ಲಕ್ಷ ಕೊಟ್ಟರೂ ಮಾಡಬಾರದು. ಇದಕ್ಕಿಂತ ಕೆಟ್ಟದ್ದೂ ಒಂದಿದೆ. ಕೆಲಸ ಮಾಡುವವನು ಪರವಾನಗಿ ಇಲ್ಲದ ಒಬ್ಬ, ಸಹಿ ಹಾಕುವವರು ಸ್ಥಳಕ್ಕೇ ಬಾರದ ಇನ್ನೊಬ್ಬರು, ಸಹಿಗೆ ಪ್ರತ್ಯೇಕ ಹಣ. ಅಂತಹ ಸಹಿಯಿಂದ ಸಂಪರ್ಕ ಬೇಗ ಸಿಕ್ಕೀತು. ನನ್ನ ಬಲ್ಬಿನಂತಹ ದೋಷ ಹಾಗೆಯೇ ಉಳಿದೀತು. ಕೇರಳದಲ್ಲಿ ಕಂಟ್ರಾಕ್ಟರರಿಗೂ ವಯರ್‌ಮನ್‌ಗಳಿಗೂ ಪರವಾನಗಿ ಕೊಡುವುದು ಕೇರಳ ರಾಜ್ಯ ವಿದ್ಯುತ್ ಲೈಸೆನ್ಸಿಂಗ್ ಬೋರ್ಡು. ಪರವಾನಗಿಯ ನಂಬರನ್ನೂ ಅವಧಿಯನ್ನೂ ಕೇಳಿ ನೋಡುವುದರಲ್ಲಿ ಅವಮಾನವೇನೂ ಇಲ್ಲ. ವಿಟ್ಲದ ಕಡೆಯಿಂದ ನೆಂಟರ ಪರಿಚಯದ ಕೆಲಸಗಾರರನ್ನು ಕರೆಸುವವರು, ಅವರ ಪರವಾನಗಿಯನ್ನು ಇಲ್ಲಿನ ಸೆಕ್ಷನ್ ಆಫೀಸಿನಲ್ಲಿ ಒಪ್ಪುತ್ತಾರೆಯೇ ಎಂದು ಕೆಲಸಕ್ಕೆ ಮೊದಲೇ ವಿಚಾರಿಸಬೇಕು. ಗಡಿಯಾಚೆ ಕರ್ನಾಟಕದಲ್ಲಿ 10 ಎಚ್.ಪಿ.ಯ ವರೆಗಿನ ಪಂಪಿಗೆ ಉಚಿತ ವಿದ್ಯುತ್ತು, ಅಲ್ಲಿ ಮೆಸ್ಕಾಂನ ನಿಯಮ. ಅಲ್ಲಿನ ಮಾತು ಇಲ್ಲಿ ಸಲ್ಲುವುದಿಲ್ಲ.

ಹಾಗಾದರೆ ಕಾಗದದಲ್ಲಿ ಏನು ಬರೆಯಬೇಕು? ನಾನು ಈಗ ಮಾಡುವುದು ಇಷ್ಟೇ. ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಮಂಡಳಿಗೆ ಕಟ್ಟಬೇಕಾದ ಹಣ ಬೇರೆ. ಅದನ್ನು ನಾನೇ ಕಟ್ಟಿ ರಶೀದಿ ಪಡೆಯುತ್ತೇನೆ, ಕಂಟ್ರಾಕ್ಟರರ ಕೈಗೆ ಕೊಟ್ಟು ‘ಆಫೀಸಿನ ಖರ್ಚು’ ಎಂದು ಕಲಸಿ ಬಿಡುವುದಿಲ್ಲ. ಮಂಡಳಿಯವರು ಸ್ಥಳ ನೋಡಿ ಏನೇನು ಬೇಕೆಂದು ಹೇಳಿದ ಮೇಲೆಯೇ ಕ್ರಯದ ಮಾತು. ಮೊದಲೇ ಕ್ರಯ ಮಾಡಿಕೊಂಡದ್ದು ನನ್ನ ಮೊದಲ ತಪ್ಪು. ಕೇಬಲನ್ನು ಟೇಪಿನಿಂದ ಅಳೆದು ಮೀಟರಿಗೆ ಇಷ್ಟೆಂದು ದರ ಬರೆಯುವುದು, ಕೊನೆಗೆ ಪುನಃ ಅಳೆದು ಕೊಡುವುದು. ಉಪಕರಣಗಳ ಕಂಪೆನಿ ಮತ್ತು ಅಳತೆ. ಕಲ್ಲು ಸಿಕ್ಕಿದರೆ ಅಡಿಗೆ ಎಷ್ಟು. ಹೆಚ್ಚಿನ ಕೆಲಸ ಬಂದರೆ ಆರಂಭಿಸುವ ಮೊದಲು ಹೇಳಿ ಒಪ್ಪಿಗೆ ಪಡೆಯಬೇಕು. ಯಜಮಾನರು ಶಾಲೆಯಲ್ಲಿದ್ದರೆ ಮೊಬೈಲಿನಲ್ಲಿ ಫೋಟೋ ಕಳಿಸಿ ಕೇಳಿದರೂ ಆದೀತು. ಜಿ.ಎಸ್.ಟಿ. ಸೇರಿದೆಯೇ ಇಲ್ಲವೇ ಎಂಬುದನ್ನೂ ಬರೆಸಬೇಕು. ನೋಂದಣಿ ಇಲ್ಲದವರು ಆ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ. ಹಣವನ್ನು ಕಂತು ಮಾಡುವಾಗ ಸಾಮಾನು ತಂದು ಇಳಿಸಿದಾಗ ಅರ್ಧ, ನಮ್ಮೆದುರಿನಲ್ಲಿ ಪರೀಕ್ಷೆಯಾಗಿ ರಿಪೋರ್ಟಿಗೆ ಸಹಿಯಾದ ದಿನವೇ ಉಳಿದುದರಲ್ಲಿ ಹೆಚ್ಚಿನ ಭಾಗ, ಪಂಪು ತಿರುಗಿದ ಮೇಲೆ ಹತ್ತರಲ್ಲೊಂದು ಪಾಲು ಎಂದು ಇಟ್ಟುಕೊಂಡರೆ ಯಾರ ಕುತ್ತಿಗೆಯೂ ಇನ್ನೊಬ್ಬರ ಕೈಯಲ್ಲಿ ಇರುವುದಿಲ್ಲ.

ಕಾಗದ ಯಾವ ಭಾಷೆಯಲ್ಲಿ ಎಂಬುದೂ ನಮ್ಮಲ್ಲಿ ಸಣ್ಣ ಪ್ರಶ್ನೆಯಲ್ಲ. ಮನೆಯಲ್ಲಿ ಆಡುವುದು ತುಳು, ಬ್ಯಾರಿ, ಹವ್ಯಕ, ಕೊಂಕಣಿ. ಶಾಲೆಯಲ್ಲಿ ಕಲಿತದ್ದು ಕನ್ನಡ. ಕಂಟ್ರಾಕ್ಟರರ ಎಸ್ಟಿಮೇಟು ಬರುವುದು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ. ಓದಲು ಬಾರದ ಕಾಗದಕ್ಕೆ ತಲೆಯಾಡಿಸಿ, ಅಂಕಿಯನ್ನು ಮಾತ್ರ ನೋಡಿ ಸಹಿ ಮಾಡಿದ ಹಿರಿಯರನ್ನು ನಾನು ಕಂಡಿದ್ದೇನೆ. ಬಾಬತ್ತುಗಳನ್ನು ಕನ್ನಡದಲ್ಲಿ ಬರೆದುಕೊಂಡು ಇಬ್ಬರೂ ಸಹಿ ಮಾಡಿದರೆ ಸಾಕು. ಕರಾರಿಗೆ ಇಂತಹುದೇ ಭಾಷೆ ಆಗಬೇಕೆಂಬ ನಿರ್ಬಂಧವಿಲ್ಲ. ಬರೆಯಲು ಬಾರದಿದ್ದರೆ ಏಳನೆಯ ತರಗತಿಯ ಮಗುವಿನಿಂದ ಬರೆಸಬಹುದು. ನನ್ನ ತರಗತಿಯ ಮಕ್ಕಳಿಗೆ ಗಣಿತದಲ್ಲಿ ಇಂತಹ ಒಂದು ಎಸ್ಟಿಮೇಟನ್ನೇ ಲೆಕ್ಕವಾಗಿ ಕೊಡುತ್ತೇನೆ.

ಇಷ್ಟಾದರೂ ಜಗಳ ಬಂದರೆ ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಬಹಳ ಮಂದಿಗೆ ಗೊಂದಲವಿದೆ. ಸೆಕ್ಷನ್ ಆಫೀಸಿಗೆ ಹೋಗಿ “ನೀವು ಹೇಳಿದ ಕೆಲಸ, ನೀವೇ ತೀರ್ಮಾನಿಸಿ” ಎಂದು ಕೂಗಿ ಪ್ರಯೋಜನವಿಲ್ಲ. ಮಂಡಳಿಗೂ ನಮಗೂ ಇರುವ ವ್ಯಾಜ್ಯ ಬೇರೆ, ಕಂಟ್ರಾಕ್ಟರರಿಗೂ ನಮಗೂ ಇರುವುದು ಬೇರೆ. ಗ್ರಾಮಾಂತರದಲ್ಲಿ ಸಂಪೂರ್ಣ ಅರ್ಜಿ ಸಂದ ಮೇಲೆ ಹೊಸ ಸಂಪರ್ಕವನ್ನಾಗಲಿ ಇರುವುದರ ಬದಲಾವಣೆಯನ್ನಾಗಲಿ 15 ದಿನಗಳಲ್ಲಿ ಮಾಡಿಕೊಡಬೇಕೆಂದು ಕೇಂದ್ರ ಸರಕಾರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಹೇಳುತ್ತವೆ. 2020ರಲ್ಲಿ 30 ದಿನವೆಂದಿದ್ದುದನ್ನು 2024ರಲ್ಲಿ 15ಕ್ಕೆ ಇಳಿಸಿದರು. ರಿಪೋರ್ಟು ಕೊಟ್ಟ ಮೇಲೂ ತಡವಾದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯಂತೆ ಸ್ಥಾಪಿತವಾದ ಗ್ರಾಹಕರ ದೂರು ಪರಿಹಾರ ವೇದಿಕೆಗೆ ಬರೆಯಬಹುದು. ನಮ್ಮ ಉತ್ತರ ಭಾಗದ ವೇದಿಕೆ ಕೋಝಿಕ್ಕೋಡಿನಲ್ಲಿದೆ. ಆದರೆ ಕಂಟ್ರಾಕ್ಟರರ ಬಿಲ್ಲಿನ ತಕರಾರನ್ನು ಆ ವೇದಿಕೆ ಕೇಳುವುದಿಲ್ಲ. ಕೆಲಸ ಕೆಟ್ಟದ್ದಾಗಿದ್ದರೆ, ಒಪ್ಪಿದ ಸಾಮಾನು ಇಡದೆ ಹಣ ಪಡೆದಿದ್ದರೆ, ಕಾಸರಗೋಡಿನ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ, ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ, ದೂರು ಕೊಡಬಹುದು. ಐದು ಲಕ್ಷ ರೂಪಾಯಿಗಳ ವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಪರೀಕ್ಷೆ ಮಾಡದೆ ಸಹಿ ಹಾಕಿದ ಅಪಾಯದ ಕೆಲಸವಾದರೆ ಜಿಲ್ಲೆಯ ವಿದ್ಯುತ್ ಇನ್‌ಸ್ಪೆಕ್ಟರರಿಗೂ ಲೈಸೆನ್ಸಿಂಗ್ ಬೋರ್ಡಿಗೂ ಬರೆಯತಕ್ಕದ್ದು.

“ಬಾಯಿಮಾತಿನ ಕೆಲಸ, ಕೊಡದಿದ್ದರೆ ಏನು ಮಾಡಿಯಾನು?” ಎಂದು ಹೇಳುವ ಯಜಮಾನರೂ ಇದ್ದಾರೆ. ಅವರು ಒಂದು ಮಾತು ತಿಳಿದಿರಬೇಕು. ಪುಕ್ಕಟೆ ಎಂಬ ಉದ್ದೇಶವಿಲ್ಲದೆ ಒಬ್ಬನು ಇನ್ನೊಬ್ಬನಿಗೆ ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಪ್ರಯೋಜನವನ್ನು ಪಡೆದವನು ಅದಕ್ಕೆ ತಕ್ಕ ಪ್ರತಿಫಲ ಕೊಡಲೇಬೇಕೆಂದು 1872ರ ಭಾರತೀಯ ಕರಾರು ಕಾಯಿದೆಯ 70ನೆಯ ಸೆಕ್ಷನಿನಲ್ಲಿದೆ. ಕಂಟ್ರಾಕ್ಟರರು ಕೆಲಸ ಮುಗಿದ ಮೂರು ವರ್ಷಗಳೊಳಗೆ ಸಿವಿಲ್ ದಾವೆ ಹೂಡಬಹುದು. ದಾವೆಗೆ ಮೊದಲೇ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಲೋಕ ಅದಾಲತಿನಲ್ಲಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆಯುಂಟು. ನನ್ನ ಅನುಭವದಲ್ಲಿ ಇಬ್ಬರೂ ನಂಬುವ ಒಬ್ಬ ಹಳೆಯ ಲೈನ್‌ಮ್ಯಾನ್ ಸಿಕ್ಕಿದರೆ ಅಷ್ಟು ದೂರ ಹೋಗಬೇಕಾಗಿಲ್ಲ, ಆದರೆ ಎಲ್ಲ ಬೈಲುಗಳಲ್ಲಿ ಅಂತಹವರು ಸಿಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಕೃಷಿಯ ಹೆಸರಿನಲ್ಲಿ ಪಡೆದ ಪಂಪಿನ ಸಂಪರ್ಕದಿಂದ ಮನೆಗೆ ತಂತಿ ಎಳೆಯುವಂತೆ ಕಂಟ್ರಾಕ್ಟರರನ್ನು ಒತ್ತಾಯಿಸುವವರು ಇದ್ದಾರೆ. ಮಂಜೂರಾದ ಉದ್ದೇಶ ಬಿಟ್ಟು ಬಳಸುವುದು 2003ರ ಕಾಯಿದೆಯ 126ನೆಯ ಸೆಕ್ಷನಿನಂತೆ ಅನಧಿಕೃತ ಬಳಕೆ. ಹಿಂದಿನ ಕಾಲಕ್ಕೂ ಸೇರಿಸಿ ಇಮ್ಮಡಿ ದರದಲ್ಲಿ ವಸೂಲಿ ಮಾಡುತ್ತಾರೆ. ಕಂಟ್ರಾಕ್ಟರರು ಒಪ್ಪದಿದ್ದಾಗ ಅದನ್ನೇ ನೆಪ ಮಾಡಿ ಬಾಕಿ ತಡೆದ ಒಂದು ಪ್ರಕರಣ ನನ್ನ ಗಮನಕ್ಕೆ ಬಂದಿದೆ. ಅದರಲ್ಲಿ ನಾನು ಕಂಟ್ರಾಕ್ಟರರ ಪಕ್ಷ.

ಹಣದ ರಶೀದಿಗಳು, ಎರಡೂ ಸಹಿಯಿರುವ ಆ ಹಾಳೆ, ಕಂಪ್ಲೀಷನ್ ರಿಪೋರ್ಟಿನ ಒಂದು ಪ್ರತಿ, ಇವನ್ನು ನಾನು ಭೂಕಂದಾಯದ ರಶೀದಿಗಳೊಡನೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಇ.ಎಲ್.ಸಿ.ಬಿ.ಯ ಪರೀಕ್ಷೆಯ ಗುಂಡಿಯನ್ನು ಪ್ರತಿ ಸಂಕ್ರಮಣದಂದು ಒತ್ತಿ ನೋಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಅದು ತಾನಾಗಿ ಬಿತ್ತು. ಈ ಸಲ ಯಾರನ್ನೂ ಬೈಯದೆ ಅದೇ ಕಂಟ್ರಾಕ್ಟರರಿಗೆ ಫೋನು ಮಾಡಿದೆನು. ಬಂದು ನೋಡಿದರೆ ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಹಲ್ಲಿ. ಹಲ್ಲಿಯನ್ನು ತೆಗೆದು, ಕೇಬಲ್ ಹೊಕ್ಕುವ ತೂತಿಗೆ ಬಿರಡೆ ಹಾಕಿ, ಮುನ್ನೂರು ರೂಪಾಯಿ ಪಡೆದು, ಚೀಟಿ ಬರೆದು ಕೊಟ್ಟು ಹೋದರು. ಚೀಟಿ ಕನ್ನಡದಲ್ಲಿತ್ತು.